ಕೆರೆಯ ಪರವಾಗಿ ವಂದನಾರ್ಪಣೆ

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯಲ್ಲಿ ಕುರ್ಚಿ ಸಾಲದೆ ಕೆಳಗೆ ಮೊದಲ ಸಾಲಿನಲ್ಲಿ ಕುಳಿತಿರುವ ಗಣ್ಯರೇ, ಗಣ್ಯರ ಕಾರು ಓಡಿಸಿಕೊಂಡು ಬಂದವರೇ, ಬಡಾವಣೆಯ ಬಂಧುಗಳೇ,

ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಲೋಕಾರ್ಪಣೆ, ಸನ್ಮಾನ, ಅಧ್ಯಕ್ಷರ ಮಾತು ಎಲ್ಲ ಮುಗಿದು ಜನ ಚಪ್ಪಲಿ ಹುಡುಕಿಕೊಳ್ಳುವ ಹೊತ್ತಿಗೆ ಬರುವುದು ವಂದನಾರ್ಪಣೆ. ಬೆಂಗಳೂರಿನ ಈ ಮೂಲೆಯ ಕೆರೆ ಉಳಿಸಿ ಸಮಿತಿಯ ಕಾರ್ಯದರ್ಶಿಯಾದ ನನ್ನ ಪಾಲಿಗೆ ಅದು ಬಂದಿದೆ. ಎರಡು ನಿಮಿಷದಲ್ಲಿ ಮುಗಿಸಿ ಎಂದು ಚೀಟಿ ಕಳಿಸಿದ್ದಾರೆ. ಮುಗಿಸಬಹುದಿತ್ತು. ಆದರೆ ಈ ಕೆರೆಗಾಗಿ ದುಡಿದವರ ಪಟ್ಟಿ ದೊಡ್ಡದು. ಒಬ್ಬರನ್ನು ಬಿಟ್ಟರೂ ಅವರು ನೊಂದುಕೊಂಡು, ತಮ್ಮ ಸೇವೆ ಸಾಲದಾಯಿತೇನೋ ಎಂದು ಮತ್ತೊಂದು ಕೆರೆಗೆ ಕೈಹಾಕಿದರೆ ಆ ಪಾಪ ನನಗೆ ಸುತ್ತಿಕೊಳ್ಳುತ್ತದೆ. ಆದ್ದರಿಂದ ದಯವಿಟ್ಟು ಕುಳಿತುಕೊಳ್ಳಿ. ಉಪ್ಪಿಟ್ಟು, ಕೇಸರಿಬಾತು ಬಂದಿದೆ, ಎಲ್ಲೂ ಹೋಗುವುದಿಲ್ಲ.

ಮೊದಲ ವಂದನೆ ಹಿರಿಯರಿಗೆ. ಕೆರೆಯನ್ನು ಏನು ಮಾಡಬೇಕೆಂದು ಈ ನಗರಕ್ಕೆ ದಾರಿ ತೋರಿಸಿದವರು ಅವರೇ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಕಟ್ಟಿದರು. ಕಟ್ಟಿ ಸುಮ್ಮನಾಗಲಿಲ್ಲ, ಕೆರೆ ಕಟ್ಟಿಸುವುದರಲ್ಲಿ ಹೆಸರಾದ ಕೆಂಪೇಗೌಡರ ಹೆಸರನ್ನೇ ಅದಕ್ಕೆ ಇಟ್ಟರು. ಕೆರೆ ಹೋದ ಜಾಗಕ್ಕೆ ಕೆರೆ ಕಟ್ಟಿಸಿದವರ ಹೆಸರಿಡುವಷ್ಟು ಕೃತಜ್ಞತೆ ಬೇರೆ ಯಾವ ಊರಿನಲ್ಲಿದೆ, ಹೇಳಿ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ, ಶೂಲೆ ಕೆರೆಯಲ್ಲಿ ಫುಟ್‌ಬಾಲ್, ಚಲ್ಲಘಟ್ಟದ ಕೆರೆಯಲ್ಲಿ ಗಾಲ್ಫ್. ಈಜು ಒಂದನ್ನು ಬಿಟ್ಟು ಮಿಕ್ಕ ಆಟಗಳಿಗೆಲ್ಲ ನಮ್ಮ ಕೆರೆಗಳು ಜಾಗ ಕೊಟ್ಟಿವೆ.

ಹಾಗೆಂದು ಹಿರಿಯರು ಕಟುಕರೇನಲ್ಲ. ಕರಗದ ಶಾಸ್ತ್ರ ನಡೆಯುತ್ತಿದ್ದದ್ದು ಸಂಪಂಗಿ ಕೆರೆಯಲ್ಲಿ. ದ್ರೌಪದಮ್ಮನಿಗೆ ತೊಂದರೆಯಾಗಬಾರದೆಂದು ಕ್ರೀಡಾಂಗಣದ ಪಕ್ಕದಲ್ಲೇ ಒಂದು ಪುಟ್ಟ ಹೊಂಡವನ್ನು ಉಳಿಸಿಕೊಟ್ಟಿದ್ದಾರೆ. ದೇವರಿಗೆ ಎಷ್ಟು ಬೇಕೋ ಅಷ್ಟು. ಮನುಷ್ಯರಿಗೆ ಹೇಗೂ ಕಾವೇರಿ ಇದೆ, ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ಸುಮಾರು ಅರ್ಧ ಕಿಲೋಮೀಟರ್ ತಗ್ಗಿನಲ್ಲಿ. ಪಂಪು ಹಾಕಿ ಎತ್ತಿದರೆ ಬರುತ್ತದೆ. ಹಿಂದಿನವರು ಕೆರೆಗೆ ನೀರು ಬರಲೆಂದು ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಟ್ಟರೆಂದು ‘ಕೆರೆಗೆ ಹಾರ’ ಕೇಳಿದವರಿಗೆಲ್ಲ ಗೊತ್ತು. ನಮ್ಮ ಕಾಲ ಅಷ್ಟು ಕ್ರೂರವಲ್ಲ. ಸೊಸೆಯನ್ನು ಮುಟ್ಟುವುದಿಲ್ಲ, ಕೆರೆಯನ್ನೇ ಕೊಟ್ಟುಬಿಡುತ್ತೇವೆ.

ಇನ್ನು ಪಾಲಕರಿಗೆ ವಂದನೆ. ಹಿಂದೆ ಕೆರೆಗೆ ಇದ್ದವನು ಒಬ್ಬ ನೀರಗಂಟಿ. ತೂಬು ಎತ್ತುವವನೂ ಅವನೇ, ಇಳಿಸುವವನೂ ಅವನೇ, ಮಳೆ ಹೊಯ್ಯುವ ರಾತ್ರಿ ಲಾಟೀನು ಹಿಡಿದು ಏರಿಯ ಮೇಲೆ ಓಡಾಡುವವನೂ ಅವನೇ. ಎಂಥ ಸರ್ವಾಧಿಕಾರ! ಏರಿಯಲ್ಲಿ ಬಿರುಕು ಬಿಟ್ಟರೆ ಯಾರನ್ನು ಕೇಳಬೇಕೆಂದು ಊರಿಗೆಲ್ಲ ಗೊತ್ತಿರುತ್ತಿತ್ತು. ಪ್ರಜಾಪ್ರಭುತ್ವ ಬಂದು ಈ ದೋಷವನ್ನು ತಿದ್ದಿದೆ. ಈಗ ನೆಲ ಒಬ್ಬರದು, ನೀರು ಒಬ್ಬರದು, ನೀರಿಗೆ ಬೀಳುವ ಕೊಳಚೆ ಇನ್ನೊಬ್ಬರದು, ಮೀನಿನ ಹರಾಜು ಮತ್ತೊಬ್ಬರದು, ದಡದ ಮರ ಅರಣ್ಯದವರದು, ಮರದ ಕೆಳಗಿನ ಕಲ್ಲುಬೆಂಚು ಶಾಸಕರ ನಿಧಿಯದು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಅದು ಹೆಬ್ಬಾಳ, ನಾಗವಾರ, ಅಗರ ಕೆರೆಗಳನ್ನು ಖಾಸಗಿಯವರ ಕೈಗೆ ಒಪ್ಪಿಸಿ ಹಗುರಾಗಲು ನೋಡಿತು, ಜನ ಹೈಕೋರ್ಟಿಗೆ ಹೋಗಿ ತಕರಾರು ತೆಗೆದರು. 2014ರಲ್ಲಿ ಕೆರೆಗಳಿಗೆಂದೇ ಕಾಯ್ದೆ ಬಂತು, ಅದರ ಹಿಂದೆಯೇ ಹೊಸ ಪ್ರಾಧಿಕಾರ ಬಂತು. ನಗರಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಕೆರೆ ಏಕೆ ಹೀಗಾಯಿತೆಂದು ಯಾರ ಮನೆ ಬಾಗಿಲು ತಟ್ಟಬೇಕೆಂಬ ಚಿಂತೆಯೂ ತಪ್ಪಿತು. 2025ರಲ್ಲಿ ಒಂದು ಪಾಲಿಕೆ ಐದು ಪಾಲಿಕೆಗಳಾಯಿತು. ಇನ್ನು ಮುಂದೆ ಒಂದು ಪಾಲಿಕೆಯ ಕೆರೆ ಕೋಡಿ ಬಿದ್ದರೆ ನೀರು ಇನ್ನೊಂದು ಪಾಲಿಕೆಯ ಗಡಿ ದಾಟಬೇಕಾದೀತು. ಅಂತರರಾಜ್ಯ ಜಲವಿವಾದವನ್ನು ಇಷ್ಟು ಕಾಲ ಸಾಕಿ ಸಲಹಿದ ನಾಡಿಗೆ ಅದೇನು ದೊಡ್ಡ ವಿಷಯವಲ್ಲ.

ಸಮಿತಿಗಳನ್ನು ನೆನೆಯದಿದ್ದರೆ ತಪ್ಪಾಗುತ್ತದೆ. 1980ರ ದಶಕದ ಲಕ್ಷ್ಮಣ ರಾವ್ ಸಮಿತಿಯಿಂದ ಹಿಡಿದು ಎ.ಟಿ. ರಾಮಸ್ವಾಮಿ, ವಿ. ಬಾಲಸುಬ್ರಮಣಿಯನ್, ನ್ಯಾಯಮೂರ್ತಿ ಎನ್.ಕೆ. ಪಾಟೀಲ್, ಕೆ.ಬಿ. ಕೋಳಿವಾಡ ಅವರವರೆಗೆ ಎಲ್ಲರೂ ಒತ್ತುವರಿಯನ್ನೋ ಕೆರೆಗಳ ಸ್ಥಿತಿಯನ್ನೋ ಕಷ್ಟಪಟ್ಟು ಪರಿಶೀಲಿಸಿ ವರದಿ ಕೊಟ್ಟಿದ್ದಾರೆ. ಸರ್ಕಾರ ಆ ವರದಿಗಳನ್ನು ಬಹಳ ಜೋಪಾನವಾಗಿ ಇಟ್ಟಿದೆ. ಕೆರೆಗಳನ್ನೂ ಅಷ್ಟೇ ಜೋಪಾನ ಮಾಡಲು ಕಪಾಟು ಸಾಲದು ಎನ್ನುವುದನ್ನು ನಾವು ಅರ್ಥಮಾಡಿಕೊಳ್ಳಬೇಕು.

ನಮ್ಮ ಸಮಿತಿಯವರನ್ನು ವಿದ್ಯಾವಂತರನ್ನಾಗಿ ಮಾಡಿದ ಕಚೇರಿಗಳಿಗೆ ವಿಶೇಷ ವಂದನೆ ಸಲ್ಲಬೇಕು. ಸಮಿತಿ ಕಟ್ಟಿದಾಗ ನಾವು ಏನೂ ಅರಿಯದವರು. ಕೆರೆ ಕಣ್ಣೆದುರೇ ಇದೆ, ನೀರು ಗಬ್ಬು ನಾರುತ್ತಿದೆ, ಹೇಳಿದರೆ ಸಾಕು ಅಂದುಕೊಂಡಿದ್ದೆವು. ಕೆರೆ ಇರುವುದಕ್ಕೆ ದಾಖಲೆ ಏನಿದೆ ಎಂದು ಕೇಳಿದಾಗಲೇ ನಮ್ಮ ಕಣ್ಣು ತೆರೆದದ್ದು. ಇವತ್ತು ನಮ್ಮ ಖಜಾಂಚಿಗಳು, ನಿವೃತ್ತ ಬ್ಯಾಂಕ್ ಗುಮಾಸ್ತರು, ಗ್ರಾಮನಕ್ಷೆ, ಆಕಾರ್ ಬಂದ್, ಪಹಣಿ ಮೂರನ್ನೂ ಎದುರಿಗೆ ಹರಡಿಕೊಂಡು ಯಾವುದು ಯಾವುದಕ್ಕೆ ತಾಳೆಯಾಗುವುದಿಲ್ಲ ಎಂದು ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ. ಮೂರನೇ ಕ್ರಾಸಿನ ಪದ್ಮಕ್ಕನವರು ಹಿಂದೆ ಹಾಲು ಒಡೆದಿದೆಯೇ ಎಂದು ಮೂಸಿ ನೋಡುತ್ತಿದ್ದವರು, ಈಗ ಕೆರೆಯ ನೀರು ಮೂಸಿ ಕರಗಿದ ಆಮ್ಲಜನಕದ ಬಗ್ಗೆ ಮಾತಾಡುತ್ತಾರೆ. ಒಂದು ಲೀಟರ್ ನೀರಿನಲ್ಲಿ ಅದು ಕನಿಷ್ಠ ನಾಲ್ಕು ಮಿಲಿಗ್ರಾಂ ಇದ್ದರೆ ‘ಡಿ’ ದರ್ಜೆ, ಮೀನು ಬದುಕೀತು. ಅದಕ್ಕೂ ಕೆಳಗೆ ‘ಇ’ ದರ್ಜೆ, ಗದ್ದೆಗೆ ಬಿಡಬಹುದು. ನಮ್ಮ ಕೆರೆಗೆ ‘ಇ’ ಬಂದಿದೆ. ಬಿಡಲು ಗದ್ದೆ ಎಲ್ಲೂ ಉಳಿದಿಲ್ಲ ಎನ್ನುವುದನ್ನು ಬಿಟ್ಟರೆ ಬೇರೆ ತೊಂದರೆ ಇಲ್ಲ.

ನಾವು ಕೊಟ್ಟ ಪ್ರತಿಯೊಂದು ಮನವಿ ಪತ್ರವನ್ನೂ ಸಾಹೇಬರುಗಳು ಎರಡೂ ಕೈಯಿಂದ ಸ್ವೀಕರಿಸಿದ್ದಾರೆ. ಅದರ ಅಂಚಿನಲ್ಲಿ ‘ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳುವುದು’ ಎಂದು ಬರೆಯುತ್ತಾರೆ, ಅದೂ ಹಸಿರು ಶಾಯಿಯಲ್ಲಿ. ಪರಿಸರ ಕಾಳಜಿ ಅಂದರೆ ಹಾಗಿರಬೇಕು. ಆಮೇಲೆ ಆ ಕಾಗದ ಮೇಲಿನ ಮೇಜಿನಿಂದ ಕೆಳಗಿನ ಮೇಜಿಗೆ, ಅಲ್ಲಿಂದ ಪಕ್ಕದ ಕಟ್ಟಡಕ್ಕೆ, ಅಲ್ಲಿಂದ ‘ಸದರಿ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹದೊಂದಿಗೆ ಇನ್ನೂ ಕೆಳಕ್ಕೆ ಹರಿಯುತ್ತದೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದು ಕೆಳಗಿನ ಕೆರೆಗೆ ನೀರು ಹೋಗುವ ಹಳೆಯ ಸರಣಿ ಹಾಳಾಯಿತೆಂದು ಕೊರಗುವವರು ಒಮ್ಮೆ ಕಚೇರಿಗೆ ಹೋಗಿ ನೋಡಬೇಕು. ಅದು ಅಲ್ಲಿ ಸುರಕ್ಷಿತವಾಗಿದೆ, ಒಂದು ಕಡೆಯೂ ಒತ್ತುವರಿಯಾಗಿಲ್ಲ.

ಹದ್ದುಬಸ್ತು ಮಾಡಲು ಬಂದ ಸರ್ವೇಯರ್ ಸಾಹೇಬರಿಗೆ ಎಷ್ಟು ವಂದಿಸಿದರೂ ಸಾಲದು. ಬಿಸಿಲಿನಲ್ಲಿ ಟೋಪಿ ಕೂಡ ಇಲ್ಲದೆ ನಡೆದರು. ನಕ್ಷೆಯ ಪ್ರಕಾರ ಮೇಲಿನ ಕೆರೆಯಿಂದ ನಮ್ಮ ಕೆರೆಗೆ ಒಂದು ರಾಜಕಾಲುವೆ ಬರಬೇಕು. ಹುಡುಕುತ್ತ ಹುಡುಕುತ್ತ ಒಂದು ಅಪಾರ್ಟ್‌ಮೆಂಟಿನ ಒಳಗೆ ಹೋದೆವು. ನೆಲಮಾಳಿಗೆಯಲ್ಲಿ ಕಾರುಗಳ ನಡುವೆ ನಿಂತು ಸಾಹೇಬರು ಜೊತೆಯಲ್ಲಿದ್ದ ಹಳ್ಳಿಯ ಮುದುಕರನ್ನು ಕೇಳಿದರು: “ಎಲ್ಲಿ ಯಜಮಾನ್ರೇ, ಕಾಲುವೆ ಎಲ್ಲಿತ್ತು?”

“ತಾವು ನಿಂತಿರೋದೇ ಕಾಲ್ವೇಲಿ ಸ್ವಾಮಿ.”

ಸಾಹೇಬರು ಗಾಬರಿಯಿಂದ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರು. ಸರ್ಕಾರಿ ಕಾಲುವೆಯ ಬಗ್ಗೆ ಅಂಥ ಗೌರವವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಮೇಲೆ ಗಡಿಕಲ್ಲು ಹುಡುಕಿದೆವು. ನಾಲ್ಕರಲ್ಲಿ ಮೂರು ಸಿಗಲಿಲ್ಲ. ನಾಲ್ಕನೆಯದರ ಮೇಲೆ ಟೀ ಅಂಗಡಿಯವನು ಗ್ಯಾಸ್ ಸ್ಟೌ ಇಟ್ಟಿದ್ದ. “ಇದು ಸರ್ಕಾರದ ಕಲ್ಲು ಕಣಪ್ಪ” ಎಂದರೆ, “ಅದಕ್ಕೇ ಸಾರ್, ಒಂಚೂರೂ ಅಲ್ಲಾಡಲ್ಲ” ಎಂದ. ಅಳತೆ ಮುಗಿಯಿತು, ಒತ್ತುವರಿ ಎಲ್ಲೆಲ್ಲಿದೆ ಎಂದು ಕಾಂಪೌಂಡುಗಳ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದರು, ಮಹಜರಿಗೆ ನಾವೆಲ್ಲ ಸಹಿ ಹಾಕಿದೆವು. ದೀಪಾವಳಿಗೆ ಎಲ್ಲರೂ ಗೋಡೆಗೆ ಬಣ್ಣ ಹೊಡೆಸಿದರು. ಹಬ್ಬ ಅಂದಮೇಲೆ ಮಾಡಬೇಡಿ ಅನ್ನಲಾಗುತ್ತದೆಯೇ?

ತೆರವು ಕಾರ್ಯಾಚರಣೆಯ ಬಗ್ಗೆ ಕೆಲವರು ಇಲ್ಲಸಲ್ಲದ ಮಾತಾಡುತ್ತಾರೆ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನೋಟಿಸು ಎಲ್ಲರಿಗೂ ಹೋಗಿತ್ತು, ತಾರತಮ್ಯ ಇರಲಿಲ್ಲ. ಜೆಸಿಬಿ ಬಂದಾಗ ಮಾತ್ರ ಬಡವರಿಗೆ ಮೊದಲ ಪ್ರಾಶಸ್ತ್ಯ ಎಂಬ ಸಾಮಾಜಿಕ ನ್ಯಾಯದ ತತ್ವವನ್ನು ಪಾಲಿಸಿದರು. ಒಂದು ದನದ ಕೊಟ್ಟಿಗೆ, ಒಂದು ಶೀಟಿನ ಮನೆ, ಹೂವಿನವಳ ಪೆಟ್ಟಿಗೆ ಅಂಗಡಿ ಮಧ್ಯಾಹ್ನದೊಳಗೆ ನೆಲಸಮವಾದವು. ಪೇಪರಿನಲ್ಲಿ ಫೋಟೋ ಬಂತು. ಅಪಾರ್ಟ್‌ಮೆಂಟಿನವರು ಪಾಪ, ಅವರ ಕೈಯಲ್ಲಿ ತಡೆಯಾಜ್ಞೆ ಇತ್ತು. ಕಾನೂನಿಗೆ ತಲೆಬಾಗಿ ಜೆಸಿಬಿ ಹಿಂದಕ್ಕೆ ತಿರುಗಿತು, ಹಿಂದಕ್ಕೆ ತಿರುಗುವಾಗ ನಾವು ನೆಟ್ಟಿದ್ದ ಎರಡು ಹೊಂಗೆ ಸಸಿಗಳು ಹೋದವು.

ಇನ್ನು ಕೆರೆಯ ಅಂಚು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಏನನ್ನೂ ಕಟ್ಟದೆ ಬಿಡಿ ಎಂದಿತು. ಕಟ್ಟುವವರ ಎದೆ ಝಲ್ಲೆಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿದ ಮೇಲೆ ನಗರದ ಮಹಾಯೋಜನೆಯ 30 ಮೀಟರ್ ಉಳಿಯಿತು. 30 ಆದರೂ ಏಕೆ ಎಲ್ಲ ಕೆರೆಗೂ ಒಂದೇ ಅಳತೆ? 2025ರಲ್ಲಿ ನಮ್ಮ ವಿಧಾನಮಂಡಲ, ಕೆರೆ ಚಿಕ್ಕದಾದಷ್ಟೂ ಅಂಚೂ ಚಿಕ್ಕದಾಗಲಿ ಎಂಬ ತಿದ್ದುಪಡಿಯನ್ನು ಅಂಗೀಕರಿಸಿತು. ಇದರಲ್ಲಿ ದೂರದೃಷ್ಟಿ ಇದೆ. ಅಂಚು ಕಡಿಮೆಯಾದರೆ ಕೆರೆ ಚಿಕ್ಕದಾಗುತ್ತದೆ, ಕೆರೆ ಚಿಕ್ಕದಾದರೆ ಅಂಚು ಮತ್ತಷ್ಟು ಕಡಿಮೆಯಾಗುತ್ತದೆ. ಎಲ್ಲಿಯೂ ಜಗಳಕ್ಕೆ ಆಸ್ಪದವಿಲ್ಲ.

ಬೆಳ್ಳಂದೂರಿನ ಹಿರಿಯಣ್ಣನನ್ನು ನೆನೆಯದೆ ಕೆರೆಯ ಮಾತು ಪೂರ್ತಿಯಾಗುವುದಿಲ್ಲ. ಸುಮಾರು 900 ಎಕರೆ. ಊರಿನ ದೊಡ್ಡ ಪಾಲು ಬಚ್ಚಲಿನ ನೀರು ಅದಕ್ಕೇ ಮೀಸಲು ಎಂಬಂತೆ ಹರಿದುಬಂದದ್ದರಿಂದ ಎಂಥ ಬರಗಾಲದಲ್ಲೂ ಅದು ಬತ್ತಿದ್ದಿಲ್ಲ. ನಾವು ಬಟ್ಟೆ ತೊಳೆದ ಪುಡಿಯ ರಂಜಕವೆಲ್ಲ ಕೆರೆಗೆ ಸೇರಿ, ಕೋಡಿಯಲ್ಲಿ ಧುಮುಕುವಾಗ ನೊರೆ ಎದ್ದು, 2015ರ ಹೊತ್ತಿಗೆ ಅದು ರಸ್ತೆಗೇ ಹಾರಿ ಬರತೊಡಗಿತು. ಹಿಮ ನೋಡಲು ಮನಾಲಿಗೆ ಹೋಗುವ ಖರ್ಚು ಉಳಿಯಿತು. ಆಡಳಿತ ಕೂಡಲೇ ಎಚ್ಚೆತ್ತುಕೊಂಡಿತು. ರಸ್ತೆಯ ಪಕ್ಕ ಎತ್ತರದ ಜಾಲರಿ ಕಟ್ಟಿಸಿತು. ಕೊಳಚೆಯನ್ನು ತಡೆಯುವುದು ದೀರ್ಘಾವಧಿಯ ಯೋಜನೆ, ನೊರೆಯನ್ನು ತಡೆಯಲು ಜಾಲರಿ ಸಾಕು. ಸಮುದ್ರದ ಒಡಲಲ್ಲಿ ಬಡಬಾಗ್ನಿ ಇದೆ ಎಂದು ಪುರಾಣಗಳು ಹೇಳಿದಾಗ ವಿಜ್ಞಾನಿಗಳು ನಕ್ಕಿದ್ದರು. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಉರಿಯಿತು. 2018ರ ಜನವರಿಯಲ್ಲಿ ಮತ್ತೆ ಉರಿದಾಗ ಆರಿಸಲು ಸೈನ್ಯವೇ ಬರಬೇಕಾಯಿತು. ನೀರಿಗೆ ಬಿದ್ದ ಬೆಂಕಿಯನ್ನು ಆರಿಸಲು ನೀರು ಹಾಕಿದ ಊರು ಜಗತ್ತಿನ ಚರಿತ್ರೆಯಲ್ಲಿ ಎಷ್ಟಿವೆಯೋ ತಿಳಿಯದು, ನಮ್ಮದಂತೂ ಒಂದು. ಅದೇ ವರ್ಷದ ಕೊನೆಗೆ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ನಗರಪಾಲಿಕೆಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಈ ದಂಡ ಯಾರ ತೆರಿಗೆ ಹಣ ಎಂದು ಕೇಳುವ ಕುಹಕಿಗಳು ಎಲ್ಲ ಸಭೆಯಲ್ಲೂ ಒಬ್ಬರು ಇರುತ್ತಾರೆ. ಅವರಿಗೂ ವಂದನೆ.

ಈಗ ನಾನು ಬರುವುದು ಇಂದಿನ ಸಂಭ್ರಮದ ಮುಖ್ಯ ಕಾರಣಕ್ಕೆ, ಅಂದರೆ ನಮ್ಮ ಕೆರೆಯ ಅಭಿವೃದ್ಧಿ ಕಾಮಗಾರಿಗೆ. ಗುತ್ತಿಗೆದಾರರು ಎಲ್ಲಿದ್ದೀರಿ, ಒಮ್ಮೆ ಎದ್ದು ನಿಲ್ಲಿ. ಚಪ್ಪಾಳೆ.

ಇವರು ಬರುವ ಮೊದಲು ನಮ್ಮ ಕೆರೆಗೆ ಒಂದು ಆಕಾರವೇ ಇರಲಿಲ್ಲ. ಒಂದು ಕಡೆ ಆಳ, ಒಂದು ಕಡೆ ಮೊಣಕಾಲುದ್ದ, ಇನ್ನೊಂದು ಕಡೆ ಬರೀ ಕೆಸರು, ಜೊಂಡು. ಮಳೆಗಾಲದಲ್ಲಿ ದೊಡ್ಡದು, ಬೇಸಿಗೆಯಲ್ಲಿ ಚಿಕ್ಕದು, ಶಿಸ್ತೇ ಇಲ್ಲ. ಇವರು ಜೊಂಡನ್ನೆಲ್ಲ ಬುಡಸಮೇತ ಕಿತ್ತು, ಹೂಳು ತೆಗೆದು, ತಳವನ್ನು ಬಟ್ಟಲಿನ ಹಾಗೆ ಸಮ ಮಾಡಿ, ಸುತ್ತಲೂ ಏರಿ ಕಟ್ಟಿ ಕಲ್ಲು ಹೊದಿಸಿದರು. ಜೊಂಡು ಕೊಳಚೆಯನ್ನು ಸೋಸುತ್ತದೆ, ಮೀನಿನ ಮರಿ ಅದರಲ್ಲೇ ಬೆಳೆಯುತ್ತದೆ, ಆಳವಿಲ್ಲದ ಕಡೆಯೇ ಕೊಕ್ಕರೆ ನಿಲ್ಲುವುದು ಎಂದೆಲ್ಲ ನಮ್ಮ ಸಮಿತಿಯವರು ಗಲಾಟೆ ಮಾಡಿದೆವು. ಅಂದಾಜು ಪಟ್ಟಿಯಲ್ಲಿ ಜೊಂಡಿಗೆ ಬಾಬ್ತು ಇಲ್ಲ ಎಂದು ಅವರು ಸಮಾಧಾನವಾಗಿ ತಿಳಿಸಿಕೊಟ್ಟರು. ಬಾಬ್ತು ಇದ್ದದ್ದು ಬೆಂಚಿಗೆ, ದೀಪದ ಕಂಬಕ್ಕೆ, ವಾಕಿಂಗ್ ಪಾತಿನ ಟೈಲ್ಸಿಗೆ, ತಂತಿಬೇಲಿಗೆ, ಕಾರಂಜಿಗೆ, ಬಯಲು ಜಿಮ್ಮಿಗೆ, ಇವತ್ತು ಪರದೆ ಸರಿಸಿದ ಗ್ರಾನೈಟ್ ಫಲಕಕ್ಕೆ. ಫಲಕದಲ್ಲಿ ಇಪ್ಪತ್ತಮೂರು ಹೆಸರುಗಳಿವೆ. ಕೆರೆಯ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ, ಪರವಾಗಿಲ್ಲ, ಗುರುತು ಸಿಗುತ್ತದೆ.

ಜೊಂಡಿನ ನಡುವೆ ಗುಳುಮುಳುಕ ಎಂಬ ಒಂದು ಹಕ್ಕಿ ಇತ್ತು. ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಕೊಳೆತ ಎಲೆ, ದಂಟು ಒಟ್ಟುಮಾಡಿ ಜೊಂಡಿಗೆ ಸಿಕ್ಕಿಸಿ ನೀರಿನ ಮೇಲೆ ತೇಲುವ ಗೂಡು ಕಟ್ಟುತ್ತದೆ. ಗೂಡು ಬಿಟ್ಟು ಹೋಗುವಾಗ ಮೊಟ್ಟೆಯ ಮೇಲೆ ಎಲೆ ಮುಚ್ಚಿ ಹೋಗುತ್ತದೆ. ಕೆರೆಯಂಗಳದಲ್ಲಿ, ನಕ್ಷೆ ಮಂಜೂರಾತಿ ಇಲ್ಲದೆ, ಅಂಚು ಬಿಡದೆ ಕಟ್ಟಿದ ನಿರ್ಮಾಣ ಅದು. ನಮ್ಮ ಕೆರೆಯ ಒಳಗಿನಿಂದ ಪೂರ್ತಿಯಾಗಿ ತೆರವಾದ ಏಕೈಕ ಅನಧಿಕೃತ ಕಟ್ಟಡ ಎಂಬ ದಾಖಲೆ ಆ ಗೂಡಿಗೆ ಸೇರಬೇಕು. ಅದರ ಮಾಲೀಕರು ತಡೆಯಾಜ್ಞೆ ತರಲಿಲ್ಲ.

ಹಕ್ಕಿಗಳಿಗೆ ಅನ್ಯಾಯವಾಯಿತೆಂದು ಮಾತ್ರ ಯಾರೂ ಹೇಳುವ ಹಾಗಿಲ್ಲ. ದ್ವಾರದ ಎರಡೂ ಕಡೆ ಸಿಮೆಂಟಿನ ಕೊಕ್ಕರೆ ನಿಲ್ಲಿಸಿದ್ದಾರೆ, ನೋಡಿರಬಹುದು. ಅದಕ್ಕೆ ಮೀನು ಬೇಡ, ಆಮ್ಲಜನಕ ಬೇಡ, ವರ್ಷಕ್ಕೊಮ್ಮೆ ಬಣ್ಣ ಹೊಡೆದರೆ ಸಾಕು, ಅದಕ್ಕೂ ವಾರ್ಷಿಕ ನಿರ್ವಹಣೆಯ ಟೆಂಡರ್ ಇದೆ. ಹಳೆಯ ಹಳ್ಳಿಯ ಹೆಂಗಸರು ಕೆರೆಯಂಚಿನಲ್ಲಿ ಹೊನಗೊನ್ನೆ ಸೊಪ್ಪು ಕೊಯ್ದುಕೊಂಡು ಹೋಗುತ್ತಿದ್ದರು. ಮೊನ್ನೆ ಒಬ್ಬ ಅಜ್ಜಿ ಕೈಚೀಲ ಹಿಡಿದು ಗೇಟಿನಲ್ಲಿ ನಿಂತಿದ್ದರು. ಕಾವಲಿನ ಹುಡುಗ ಬಹಳ ಮರ್ಯಾದೆಯಿಂದ, “ಗಿಡ ಕೀಳಬಾರದು ಅಂತ ಬೋರ್ಡಿದೆ ಅಜ್ಜಿ, ಪರಿಸರ ಹಾಳಾಗುತ್ತೆ” ಎಂದ. ಅಜ್ಜಿಗೆ ಪರಿಸರ ಪ್ರಜ್ಞೆ ಬಂದದ್ದು ಹಾಗೆ.

ಒಂದೇ ಒಂದು ಸಣ್ಣ ತಾಂತ್ರಿಕ ಅಂಶ. ಸುತ್ತಲೂ ಏರಿ ಕಟ್ಟಿದ್ದರಿಂದ ಮಳೆನೀರು ಕೆರೆಯ ಒಳಗೆ ಬರಲು ದಾರಿ ಇಲ್ಲ. ಕೊಳಚೆಗೆ ಮಾತ್ರ ಪೈಪಿದೆ, ಅದು ಏರಿಯ ಕೆಳಗಿನಿಂದ ಒಳಗೆ ಬರುತ್ತದೆ. ಹಾಗಾದರೆ ಮಳೆನೀರು ಎಲ್ಲಿಗೆ ಹೋಗುತ್ತದೆ ಎಂದು ನೀವು ಕೇಳಬಹುದು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕಡೆ ಅದು ಎಲ್ಲಿಗೆ ಹೋಯಿತೆಂದು ಇಡೀ ದೇಶ ನೋಡಿದೆ. ಕೋಟಿಗಟ್ಟಲೆ ಬೆಲೆಯ ಬಂಗಲೆಗಳ ಅಂಗಳಕ್ಕೇ ನೀರು ಬಂತು. ಸಾಫ್ಟ್‌ವೇರ್ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಕೆರೆಯಂಗಳದಲ್ಲಿ ಮತ್ತೆ ಟ್ರ್ಯಾಕ್ಟರ್ ಓಡಾಡಿದ್ದನ್ನು ಕಂಡು ಹಳೆಯ ರೈತರಿಗೆ ಹೇಗನ್ನಿಸಿತೋ ಯಾರೂ ಕೇಳಲಿಲ್ಲ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 2024ರ ಮಾರ್ಚಿನಲ್ಲಿ, ಅದೇ ಊರಿನ ಕೊಳವೆ ಬಾವಿಗಳು ಒಣಗಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂಬ ಆಜ್ಞೆ ಬಂತು. ಐದು ಕಿಲೋಮೀಟರ್ ಒಳಗೆ 12,000 ಲೀಟರ್ ಟ್ಯಾಂಕರಿಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ಗೊತ್ತುಮಾಡಿತು. ಆ ದರಕ್ಕೆ ನೀರು ತಂದುಕೊಟ್ಟ ಟ್ಯಾಂಕರ್ ಮಾಲೀಕರು ಈ ಸಭೆಯಲ್ಲಿ ಯಾರಾದರೂ ಇದ್ದರೆ ವೇದಿಕೆಗೆ ಬನ್ನಿ, ಒಂದು ಶಾಲು ಉಳಿದಿದೆ. ಯಾರೂ ಇಲ್ಲವೇ? ಸರಿ.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಈ ನಗರದಲ್ಲಿ ಕೆಲವು ಕಡೆ ಜನ ಮಿತಿಮೀರಿ ವರ್ತಿಸಿದ್ದಾರೆ. ಜೆ.ಪಿ. ನಗರದ ಪುಟ್ಟೇನಹಳ್ಳಿಯಲ್ಲಿ 2010ರಲ್ಲಿ ಅಕ್ಕಪಕ್ಕದ ಮನೆಯವರು ಸೇರಿ ಟ್ರಸ್ಟ್ ಮಾಡಿಕೊಂಡು, ಒಣಗಿದ್ದ ಕೆರೆಗೆ ನೀರು ಬರುವಂತೆ ಮಾಡಿಯೇಬಿಟ್ಟರು. ಕೈಕೊಂಡ್ರಹಳ್ಳಿಯಲ್ಲಿ ಹಳ್ಳಿಯವರು, ಅಪಾರ್ಟ್‌ಮೆಂಟಿನವರು, ಕೆಲವು ಅಧಿಕಾರಿಗಳು ಒಟ್ಟಿಗೆ ಕುಳಿತು ಮಾತಾಡಿದರು, ಕೆರೆ ಉಳಿಯಿತು, ಹಕ್ಕಿಗಳು ವಾಪಸು ಬಂದವು. ಜಕ್ಕೂರಿನಲ್ಲಂತೂ ಸಂಸ್ಕರಿಸಿದ ನೀರನ್ನು ಜೊಂಡಿನ ನಡುವೆ ಹಾಯಿಸಿ ಕೆರೆಗೆ ಬಿಡುತ್ತಾರೆ, ಅಲ್ಲಿ ಮೀನು ಹಿಡಿಯುವವರು ಈಗಲೂ ಇದ್ದಾರೆ. ಹೆಸರಘಟ್ಟದ ಹುಲ್ಲುಗಾವಲನ್ನು ಬರಡು ಭೂಮಿ ಎಂದು ಕರೆದಾಗಲೆಲ್ಲ ಕೆಲವರು ಹಕ್ಕಿಗಳ ಪಟ್ಟಿ ಹಿಡಿದುಕೊಂಡು ಬಂದು ನಿಂತರು. ವರ್ಷಗಟ್ಟಲೆ ಬೆನ್ನುಬಿಡದೆ, 2024ರಲ್ಲಿ ಅದನ್ನು ಮೀಸಲು ಪ್ರದೇಶ ಮಾಡಲು ವನ್ಯಜೀವಿ ಮಂಡಳಿಯನ್ನು ಒಪ್ಪಿಸಿದರು. ಇವರಾರೂ ಸಾಲು ಸಾಲು ಸಭೆ ಮಾಡಿದವರಲ್ಲ ಎಂದು ಭಾವಿಸಬೇಡಿ, ನಮಗಿಂತ ಹೆಚ್ಚು ಮಾಡಿದ್ದಾರೆ. ಮನವಿ ಕೊಟ್ಟು ಮನೆಗೆ ಹೋಗುವ ಸಂಪ್ರದಾಯವನ್ನು ಮುರಿದು, ಮನವಿಯ ಹಿಂದೆಯೇ ಕಚೇರಿಗೂ ಕಾಲುವೆಗೂ ನಡೆದುಕೊಂಡು ಹೋದದ್ದೇ ಅವರ ತಪ್ಪು. ಇಂಥ ಉದಾಹರಣೆಗಳು ಹೆಚ್ಚಾದರೆ ಪ್ರಾಧಿಕಾರ, ಸಮಿತಿ, ಡಿಪಿಆರ್, ಗ್ರಾನೈಟ್ ಫಲಕ ಇವೆಲ್ಲದರ ಗತಿ ಏನು?

ಶಾಮಿಯಾನ, ಮೈಕ್ ಸೆಟ್ ಒದಗಿಸಿದವರಿಗೆ, ಪ್ರಾರ್ಥನೆ ಹಾಡಿದ ಮಕ್ಕಳಿಗೆ, ವಾಸನೆ ತಡೆದುಕೊಂಡು ಇಷ್ಟು ಹೊತ್ತು ಕುಳಿತ ನಿಮಗೆಲ್ಲರಿಗೂ ವಂದನೆಗಳು. ಎಲ್ಲರೂ ಉಪಾಹಾರ ಸ್ವೀಕರಿಸಿಯೇ ಹೋಗಬೇಕು. ಕೈ ತೊಳೆಯಲು ಟ್ಯಾಂಕರ್ ನಿಂತಿದೆ, ಕೆರೆಗೆ ಇಳಿಯಬೇಡಿ.

ಉಪ್ಪಿಟ್ಟಿನ ಮೇಜಿನ ಪಕ್ಕ ಇನ್ನೊಂದು ಮೇಜಿದೆ. ಅದರ ಮೇಲೆ ಹೊಸ ಮನವಿ ಪತ್ರ ಇಟ್ಟಿದ್ದೇವೆ. ಕೇಳಿರುವುದು ಮೂರು: ಮುಂಗಾರಿಗೆ ಮೊದಲು ರಾಜಕಾಲುವೆ ಬಿಡಿಸಿಕೊಡಿ, ಏರಿಯ ಕೆಳಗಿನ ಕೊಳಚೆ ಪೈಪನ್ನು ಒಳಚರಂಡಿಗೆ ಸೇರಿಸಿ, ಪೂರ್ವದ ದಡದಲ್ಲಿ ಜೊಂಡು ಮತ್ತೆ ಚಿಗುರುತ್ತಿದೆ, ಅದನ್ನು ಕೀಳಬೇಡಿ. ಸಹಿ ಹಾಕಿ. ಪೂರ್ತಿ ವಿಳಾಸ, ಫೋನ್ ನಂಬರ್ ಬರೆಯಿರಿ, ಇಲ್ಲದಿದ್ದರೆ ಅಪೂರ್ಣ ಅರ್ಜಿ ಎಂದು ವಾಪಸು ಬರುತ್ತದೆ. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕೊಡಲು ಹೋಗುತ್ತೇವೆ, ಬಿಡುವಿರುವವರು ಜೊತೆಗೆ ಬನ್ನಿ. ನಾಲ್ಕು ಜನ ಹೋದರೆ ಹೊರಗೆ ಬೆಂಚಿನ ಮೇಲೆ ಕೂರಿಸುತ್ತಾರೆ, ನಲವತ್ತು ಜನ ಹೋದರೆ ಒಳಗೆ ಕರೆಯುತ್ತಾರೆ.